ಬ್ಯಾರನ್ನಿನ ಅಂಕಿ, ಪರದೆಯ ಅಂಕಿ

ಬಿಳಿಕೆರೆಯಾಚೆ ಒಂದು ಹಳ್ಳಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಗೆಸೊಪ್ಪನ್ನು ಒಲೆಯ ಶಾಖಕ್ಕೆ ಒಣಗಿಸುವ ಗೂಡು, ಅಂದರೆ ಬ್ಯಾರನ್ನಿನ ಜಗಲಿಯಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪದ್ಮಶ್ರೀ ಒಂದೇ ಗುಂಡಿಯನ್ನು ಒತ್ತುತ್ತಲೇ ಇದ್ದಾರೆ. ಪದ್ಮಶ್ರೀ ಅವರ ಹೆಸರು; ಪ್ರಶಸ್ತಿ ಇನ್ನೂ ಬಂದಿಲ್ಲ. ಎಲೆಮರೆಯ ಕಾಯಿ ಅನ್ನುತ್ತಾರಲ್ಲ, ಇವರು ಎಲೆಯನ್ನೂ ಕಾಯುವವರು.

ಪಿರಿಯಾಪಟ್ಟಣದಲ್ಲಿ ಬಿ.ಎಸ್ಸಿ. ಓದಿ ಈ ಮನೆಗೆ ಸೊಸೆಯಾಗಿ ಬಂದವರು. ಆನ್‌ಲೈನ್ ಕ್ವಿಜ್‌ಗೆ ಗಣಿತದ ಪ್ರಶ್ನೆ ಹೊಸೆಯುವುದು ಕೆಲಸ, ದಿನಕ್ಕೆ ಇಪ್ಪತ್ತು. ಅಂಕಿಯ ಜಾಗ ಖಾಲಿ ಬಿಡುತ್ತಾರೆ. ಒಂದೊಂದು ಮಗುವಿಗೂ ಯಂತ್ರ ತನಗೆ ತೋಚಿದ ಅಂಕಿ ತುಂಬುತ್ತದೆ; ಅದು ಸರಿಯಾಗಿ ಬರುತ್ತದೆಯೇ ಎಂದು ಇವರು ಮೊದಲೇ ಗುಂಡಿ ಒತ್ತಿ ಒತ್ತಿ ನೋಡುತ್ತಾರೆ. ಪಕ್ಕದವರದ್ದು ಕದ್ದರೆ ಪಕ್ಕದವರ ಉತ್ತರವಷ್ಟೇ ಸಿಗುತ್ತದೆ, ಮಾರ್ಕ್ಸಲ್ಲ.

"ಮಿಷಿನ್‌ಗೆ ಏನ್ ಗೊತ್ತು ಸಾ? ಕಡಿವಾಣ ಹಾಕ್ದಿದ್ರೆ ಅಪ್ಪನಿಗಿಂತ ಮಗನ್ನೇ ದೊಡ್ಡೋನ್ ಮಾಡ್ಬುಡ್ತದೆ. ಬಸ್ಸಲ್ಲಿ ಮೂರೂವರೆ ಜನನ್ನ ಕೂರಿಸ್ತದೆ." ಮಾತಾಡಿಸಲು ಹೋದ ನನ್ನತ್ತ ತಿರುಗಿ ಪದ್ಮಶ್ರೀ ನಗುತ್ತಾರೆ.

ನಗು ಅಲ್ಲಿಗೇ ನಿಲ್ಲುತ್ತದೆ. ಕಣ್ಣು ಬ್ಯಾರನ್ನಿನ ಹೊಸ ಗೋಡೆಯತ್ತ ಹೋಗುತ್ತದೆ.

ಸೌದೆ ಹಾಕುವುದು ಅತ್ತೆ ದೊಡ್ಡತಾಯಮ್ಮ. ಅವರ ಕಣ್ಣು ಮಂಜು. ಕಿಟಕಿಯಲ್ಲಿ ಇಣುಕಿ ಥರ್ಮಾಮೀಟರ್ ಓದಿ ಹೇಳುವುದು ಸೊಸೆ. ಹೋದ ಬೆಳೆಯಲ್ಲಿ ಪದ್ಮಶ್ರೀ ಬ್ಯಾರನ್ ಶಾಖದ ಮೇಲೇ ಒಂದು ಪ್ರಶ್ನೆ ಮಾಡಿ, ಗುಂಡಿ ಒತ್ತಿ ನೋಡುತ್ತಿದ್ದರು. "ಎಷ್ಟೈತವ್ವಾ?" ಎಂದು ಅತ್ತೆ ಕೂಗಿದರು. ಪರದೆ ಮೇಲಿದ್ದುದೇ ಬಾಯಿಗೆ ಬಂತು: "ನೂರಿಪ್ಪತ್ತು!"

ಕಮ್ಮಿಯಾಯಿತೆಂದು ಅತ್ತೆ ಸೌದೆ ತುರುಕಿದರು. ಒಳಗೆ ಆಗಲೇ ನೂರರವತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಒಣಗಿದ ಎಲೆಯೊಂದು ಕಳಚಿ, ಒಲೆಯ ಬಿಸಿ ಹಾಯುವ ಕಾದ ಕೊಳವೆಯ ಮೇಲೆ ಬಿದ್ದಿರಬೇಕು. ಬ್ಯಾರನ್ ಚಾವಣಿ ಸಮೇತ ಉರಿದುಹೋಯಿತು. ಅತ್ತೆಯ ಬಲಗೈ ಮೊಣಕೈವರೆಗೂ ಸುಟ್ಟಿತು.

"ಸೊಪ್ಪು ತಾನೆ, ಓದ್ರೆ ಓಗ್ಲಿ ಬುಡು ಅಂದ್ರು ಅತ್ತೆ. ನಂಗೆ ಬುಡಕ್ಕಾಗ್ತಿಲ್ಲ ಸಾ. ಸೌದೆ ಚಟ್ ಅಂದ್ರೂ ಎದ್ದೋಗಿ ಕಿಟಕೀಲಿ ನೋಡ್ತೀನಿ. ಯಾರ್ ಏನ್ ಕೇಳಿದ್ರೂ ಬಾಯಿಗ್ ಬರೋದು ಎಲ್ಲಿಯ ಅಂಕಿಯೋ ಅಂತ ಭಯ."

ಕ್ವಿಜ್ ಏಳಕ್ಕೆ ತೆರೆಯುತ್ತದೆ. ಒಂದು ಪ್ರಶ್ನೆ ಇನ್ನೂ ಬಾಕಿ. ಆಗಲೇ ಒಲೆಯ ಬಾಯಿಂದ ಅದೇ ಕೂಗು: "ಎಷ್ಟೈತವ್ವಾ?"

ಪದ್ಮಶ್ರೀ ಲ್ಯಾಪ್‌ಟಾಪ್ ಮುಚ್ಚುತ್ತಾರೆ, ಏಳುತ್ತಾರೆ, ಕಿಟಕಿಗೆ ಟಾರ್ಚ್ ಹಿಡಿದು ನೋಡುತ್ತಾರೆ. ಮತ್ತೊಮ್ಮೆ ನೋಡುತ್ತಾರೆ.

"ನೂರೈವತ್ತೆರಡು, ಅತ್ತೆ."

"ಯಾವ್ ಬ್ಯಾರನ್ದವ್ವಾ? ನಮ್ದೋ, ಕಂಪ್ಯೂಟ್ರುದೋ?"

"ನಮ್ದೇ ಅತ್ತೆ. ಸೌದೆ ಬ್ಯಾಡ."

ದೊಡ್ಡತಾಯಮ್ಮ ನಗುತ್ತಾರೆ. ಸುಟ್ಟ ಕೈ ಹಿಡಿದಿದ್ದ ಸೌದೆಯನ್ನು ನೆಲಕ್ಕೆ ಇಡುವತನಕ ಸೊಸೆ ಅಲ್ಲಿಂದ ಕದಲುವುದಿಲ್ಲ.