ಅಮ್ಮ ಕಯ್ಯಿ

ಮೊನ್ನೆ ಸಂಜೆ ಅಡುಗೆಮನೆಯಿಂದ ಬೇವಿನ ಸೊಪ್ಪು ಅರೆಯುವ ವಾಸನೆ ಬಂತು. ಯುಗಾದಿಗೆ ಇನ್ನೂ ಬಹಳ ದಿನವಿತ್ತಲ್ಲ ಎಂದು ಎದ್ದು ಹೋಗಿ ನೋಡಿದೆ. ಸೊಸೆ ಒರಳಿನ ಮುಂದೆ ಕೂತಿದ್ದಳು. ಮೊಮ್ಮಗಳಿಗೆ ಎರಡು ವರ್ಷ ತುಂಬಿದರೂ ರಬ್ಬರಿನ ನಿಪ್ಪಲ್ಲು ಬಾಯಲ್ಲಿಲ್ಲದೆ ನಿದ್ದೆ ಬರುವುದಿಲ್ಲ. ಅದಕ್ಕೆ ಒಂದಿಷ್ಟು ಬೇವು ಸವರಿದರೆ ಎರಡೇ ದಿನದಲ್ಲಿ ಬಿಡುತ್ತಾಳೆಂದು ಪಕ್ಕದ ಮನೆಯವರು ಹೇಳಿಕೊಟ್ಟಿದ್ದರಂತೆ. ನಾನು ಬೇಡ ಎಂದೆ. ಯಾಕತ್ತೆ ಎಂದು ಕೇಳಿದಳು. ಒರಳಲ್ಲಿದ್ದುದನ್ನೆಲ್ಲ ಬಾಚಿಕೊಂಡು ಹೋಗಿ ಹಿತ್ತಿಲಿಗೆ ಚೆಲ್ಲಿ ಬಂದೆ. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು, ಅಂದುಕೊಳ್ಳಲಿ. ಬೆರಳಿಗೆ ಹತ್ತಿದ ಆ ಕಹಿ ಎಷ್ಟು ತೊಳೆದರೂ ಹೋಗಲಿಲ್ಲ; ಆ ರಾತ್ರಿ ನನಗೆ ಊಟವೂ ಸೇರಲಿಲ್ಲ. ಹೊಟ್ಟೆಯೊಳಗೇ ಇಟ್ಟುಕೊಂಡು ಮುದಿಯಾದ ಮಾತೊಂದು ನಿಮಗೂ ಇದ್ದೀತು. ನನ್ನದನ್ನು ಇಲ್ಲಿ ಹೇಳಿಬಿಡುತ್ತೇನೆ, ಕೇಳಿ ನೊಂದುಕೊಳ್ಳುವವರು ಈಗ ಯಾರೂ ಉಳಿದಿಲ್ಲ.

ನನ್ನ ಅಪ್ಪಯ್ಯ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಬಿಳಿ ದೊರೆಯೊಬ್ಬರ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರಾಗಿದ್ದರು. ಕಾಫಿ ಒಣಗಿಸುವ ಕಣದ ಪಕ್ಕದಲ್ಲೇ ನಮ್ಮ ಮನೆ, ಎರಡು ಕೋಣೆ, ಮೇಲೆ ತಗಡು. ಈಗ ಅದಿಲ್ಲ. ಹಿಂದೊಮ್ಮೆ ಆ ಕಡೆ ಹೋದಾಗ ಪಾಯದ ಕಲ್ಲನ್ನೂ ಯಾರೋ ಕಿತ್ತೊಯ್ದು, ನಾವು ಮಲಗುತ್ತಿದ್ದ ಜಾಗದಲ್ಲಿ ಕಾಫಿ ಗಿಡ ನೆಟ್ಟಿದ್ದರು. ಕಣ ಗುಡಿಸಿದ ಮೇಲೆ ಉಳಿಯುತ್ತಿದ್ದ ಒಡಕು ಬೀಜವನ್ನು ಅಮ್ಮ ಹೆಂಚಿನ ಮೇಲೆ ಹುರಿಯುತ್ತಿದ್ದಳು. ಹಾಗಾಗಿ ಅವಳ ಸೆರಗಿಗೆ ಯಾವಾಗಲೂ ಹುರಿದ ಕಾಫಿ, ಒಲೆಯ ಹೊಗೆ, ತಲೆಗೆ ಹಚ್ಚಿದ ಹರಳೆಣ್ಣೆ ಎಲ್ಲ ಸೇರಿದ ಒಂದು ವಾಸನೆ. ದೀಪ ಹಚ್ಚಿ, ಉಂಡು, ಚಾಪೆ ಹಾಸಿದರೆ ನಡುವೆ ಅಮ್ಮ, ಅವಳ ಒಂದು ಕಡೆ ನಾನು, ಇನ್ನೊಂದು ಕಡೆ ತಮ್ಮ ಪುಟ್ಟ. ಅಮ್ಮ ಪುಟ್ಟನ ಕಡೆಗೆ ತಿರುಗಿ ಅವನ ಹೊಟ್ಟೆಯ ಮೇಲೆ ಕೈಯಿಟ್ಟು ಮಲಗುತ್ತಿದ್ದಳು. ನನ್ನ ಪಾಲಿಗೆ ಬರುತ್ತಿದ್ದುದು ಅವಳ ಬೆನ್ನು. ಅದಕ್ಕಾಗಿ ಆಗಲೇ ನನಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು, ಸುಳ್ಳು ಯಾಕೆ ಹೇಳಲಿ.

ನನಗೆ ಎಂಟು, ಪುಟ್ಟನಿಗೆ ಎರಡು ತುಂಬಿದ ವರ್ಷ, ಕಾರ್ತೀಕದಲ್ಲಿ ಅಮ್ಮ ಚಳಿಜ್ವರದಲ್ಲಿ ಹೋದಳು. ಆ ಸೀಮೆಯಲ್ಲಿ ಆಗ ಚಳಿಜ್ವರ ಹೊಗದ ಮನೆ ಇರಲಿಲ್ಲ. ಬೆಳಿಗ್ಗೆ ಹಾಜರಿಗೆ ಮಸ್ಟರಿನ ಗಂಟೆ ಹೊಡೆದು ಆಳುಗಳು ಸಾಲಾಗಿ ನಿಂತಾಗ ಅವರ ನಾಲಿಗೆಯ ಮೇಲೆ ಕ್ವಿನೈನಿನ ಕಹಿ ಬಿಳಿ ಪುಡಿ ಹಾಕುವುದು ಅಪ್ಪಯ್ಯನ ಕೆಲಸ. ಮರೆಯಲ್ಲಿ ಉಗುಳಿಬಿಡುತ್ತಾರೆಂದು ತಮ್ಮ ಎದುರಿಗೇ ನೀರು ಕುಡಿಸಿ, ಬಾಯಿ ತೆರೆಸಿ ನೋಡಿ ಕಳಿಸುತ್ತಿದ್ದರು. ಆ ವಿಷಯದಲ್ಲಿ ಅಪ್ಪಯ್ಯ ಯಾರ ಮುಲಾಜಿಗೂ ಬೀಳುವವರಲ್ಲ. ಆಳುಗಳ ಮನೆಸಾಲಾದ ಲೈನಿನ ಜನಕ್ಕೆಲ್ಲ ಮದ್ದು ಕುಡಿಸಿದವರ ಹೆಂಡತಿಗೇ ಮದ್ದು ನಾಟಲಿಲ್ಲ. ಅವಳ ಸೀರೆಗಳನ್ನೆಲ್ಲ ಲೈನಿನ ಹೆಂಗಸರಿಗೆ ಕೊಟ್ಟರು. ಕೆಂಪು ಅಂಚಿನ ಒಂದು ಸೀರೆಯ ಸೆರಗು ಮಾತ್ರ ಪುಟ್ಟನ ಮುಷ್ಟಿಯಲ್ಲಿತ್ತು. ಎಷ್ಟು ಬಿಡಿಸಿದರೂ ಬಿಡದಿದ್ದಾಗ ಅಪ್ಪಯ್ಯ ಕತ್ತರಿ ತಂದು ಅಷ್ಟನ್ನು ಕತ್ತರಿಸಿ ಅವನಿಗೇ ಉಳಿಸಿದರು. ಅವತ್ತಿನಿಂದ ಆ ತುಂಡಿನ ಒಂದು ಮೂಲೆಯನ್ನು ಚೀಪುತ್ತ, ಇನ್ನೊಂದು ಮೂಲೆಯನ್ನು ಮೂಗಿಗೆ ಉಜ್ಜಿಕೊಳ್ಳುತ್ತ ಅವನು ನಿದ್ದೆ ಹೋಗುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ಅಮ್ಮ. ಚಾಪೆ ಹಾಸುವುದೇ ತಡ, 'ಅಮ್ಮ ತಾ' ಎಂದು ಕೈಚಾಚುತ್ತಿದ್ದ. ಅವನು ಮಲಗಿದ ಮೇಲೆ ನಾನೂ ಅದರ ಒಣಗಿದ ಮೂಲೆಯನ್ನು ಮೆಲ್ಲಗೆ ಎಳೆದು ಮೂಸಿ ನೋಡುತ್ತಿದ್ದೆ. ಅಮ್ಮ ಅಲ್ಲಿ ಇದ್ದಳು.

ಹಗಲಲ್ಲಿ ಪುಟ್ಟನನ್ನು ಎತ್ತಿ ಆಡಿಸುತ್ತಿದ್ದವಳು ಲೈನಿನ ದ್ಯಾವಮ್ಮ. ದೀಪ ಹಚ್ಚುವ ಹೊತ್ತಿಗೆ ಅವಳು ತನ್ನ ಮನೆಗೆ ಹೋಗಿಬಿಡುತ್ತಿದ್ದಳು. ಪುಟ್ಟ ಮಾತು ಕಲಿತದ್ದು ನಮ್ಮಿಂದಲ್ಲ, ಅವಳಿಂದ. ನಮ್ಮ ಮನೆಯಲ್ಲಿ ಕಹಿ ಎನ್ನುವುದನ್ನು ದ್ಯಾವಮ್ಮ ಕಯ್ಯಿ ಎನ್ನುತ್ತಿದ್ದಳು. ಹಾಗಲಕಾಯಿ ಕಯ್ಯಿ, ಮದ್ದು ಕಯ್ಯಿ. ಪುಟ್ಟನ ಬಾಯಲ್ಲೂ ಅದೇ ನಿಂತಿತು. ಹಸ್ತದ ಕೈಯೂ ಅವನಿಗೆ ಕಯ್ಯಿಯೇ. ಲೈನಿನ ಮಕ್ಕಳ ಜೊತೆ ಆಡಿ ಬೆಳೆದ ನನಗೆ ಎರಡೂ ಗೊತ್ತಿತ್ತು. ಚಿಕ್ಕಮಗಳೂರು ಪೇಟೆಯಲ್ಲಿ ಹುಟ್ಟಿ ಬೆಳೆದ ಅಪ್ಪಯ್ಯನಿಗೆ ಕೈ ಎನ್ನುವ ಅರ್ಥ ಒಂದೇ ಗೊತ್ತಿತ್ತು. ಆಳುಗಳ ಜೊತೆ ಅವರದು ಕೆಲಸಕ್ಕೆ ಬೇಕಾದಷ್ಟೇ ಮಾತು.

ಸಂಕ್ರಾಂತಿಯ ಹೊತ್ತಿಗೆ ಅಪ್ಪಯ್ಯನ ಅಕ್ಕ ನಮ್ಮನ್ನು ನೋಡಿಕೊಳ್ಳಲು ಪೇಟೆಯಿಂದ ಬಂದರು. ಗಂಡ ಇಲ್ಲದ, ಮಕ್ಕಳಿಲ್ಲದ ಹೆಂಗಸು. ಮೂಗಿನ ತುದಿಯಲ್ಲಿ ಕೋಪ, ಆದರೆ ನಮಗೆ ಹೊಟ್ಟೆ ತುಂಬ ಬಡಿಸಿದ ಮೇಲೆಯೇ ತಾವು ಉಣ್ಣುತ್ತಿದ್ದರು. ಪುಟ್ಟನ ಬಾಯಲ್ಲಿ ಆ ಬಟ್ಟೆ ಕಂಡ ಮೊದಲ ದಿನವೇ ಅತ್ತೆಯ ಮುಖ ಕಪ್ಪಿಟ್ಟಿತು. ಸತ್ತವಳ ಸೀರೆ ಬಾಯಲ್ಲಿಟ್ಟುಕೊಂಡು ಮಲಗುವ ಮಗುವನ್ನು ಸತ್ತವಳು ಬಿಡುವುದಿಲ್ಲ ಎಂದು ಅವರ ನಂಬಿಕೆ. ಅಪ್ಪಯ್ಯನಿಗೆ ಹೇಳಿದರೆ ಅವರು ಒಪ್ಪಲಿಲ್ಲ, ಅವನಿಗೆ ಬೇಕಾದಷ್ಟು ದಿನ ಇಟ್ಟುಕೊಳ್ಳಲಿ ಎಂದರು. ಅತ್ತೆ ಒಂದು ದಿನ ಅದನ್ನು ಅಕ್ಕಿಯ ಡಬ್ಬದಲ್ಲಿ ಬಚ್ಚಿಟ್ಟರು. ಪುಟ್ಟ ಅತ್ತು ಅತ್ತು ವಾಂತಿ ಮಾಡಿಕೊಂಡಾಗ ತಾವೇ ತೆಗೆದು ಕೊಟ್ಟರು. ಮಾರನೆಯ ದಿನ ಅಪ್ಪಯ್ಯ ಕೆಲಸಕ್ಕೆ ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ಗಿರಿಜಾ, ನಿಮ್ಮಪ್ಪನ ಬಾಟ್ಲಿಗಳಲ್ಲಿ ಆ ಕಹಿ ಮದ್ದು ಯಾವ್ದು ಅಂತ ನಿಂಗೆ ಗೊತ್ತಲ್ವಾ? ಒಂಚೂರು ಆ ಬಟ್ಟೆ ಮೂಲೆಗೆ ಹಚ್ಬಿಡು. ಅವನೇ ಬಿಟ್ಬಿಡ್ತಾನೆ. ಅಪ್ಪಯ್ಯಂಗೆ ಮಾತ್ರ ಹೇಳ್ಬೇಡ."

ಒಂಚೂರು ಎಂದರು ಅತ್ತೆ. ನಾನು ಒಂಚೂರು ಹಚ್ಚಲಿಲ್ಲ. ಪುಡಿಯನ್ನು ನೀರಲ್ಲಿ ಕಲಸಿ ನಾಲ್ಕೂ ಮೂಲೆಗೆ ಹಚ್ಚಿ, ಬಿಸಿಲಿಗೆ ಒಣಗಿಸಿ, ಮತ್ತೊಮ್ಮೆ ಹಚ್ಚಿದೆ. ಅತ್ತೆಗೆ ಬೇಕಾದದ್ದು ಪುಟ್ಟನ ಜೀವ ಉಳಿಯುವುದು. ನನಗೆ ಬೇಕಾದದ್ದು ಆ ಬಟ್ಟೆ. ಅವನು ಬಿಟ್ಟರೆ ಅದು ನನ್ನ ದಿಂಬಿನಡಿಗೆ ಬರುತ್ತದೆ, ಅಮ್ಮ ಒಮ್ಮೆಯಾದರೂ ನನ್ನ ಕಡೆ ತಿರುಗಿ ಮಲಗುತ್ತಾಳೆ ಎಂದು ಎಂಟು ವರ್ಷದ ನನ್ನ ಲೆಕ್ಕ.

ಅವತ್ತು ಸಂಜೆ ಅವನು ಎಂದಿನಂತೆ 'ಅಮ್ಮ ತಾ' ಎಂದ. ನಾನೇ ಕೊಟ್ಟೆ. ಬಾಯಿಗಿಟ್ಟುಕೊಂಡ, ತೆಗೆದ, ಅದನ್ನೇ ನೋಡಿದ. ಇನ್ನೊಂದು ಮೂಲೆ ಹುಡುಕಿ ಬಾಯಿಗಿಟ್ಟುಕೊಂಡ. ಅತ್ತುಬಿಡುತ್ತಾನೆಂದು ಕಾಯುತ್ತಿದ್ದೆ. ಅಳಲಿಲ್ಲ. ನಾಲ್ಕು ಮೂಲೆಯನ್ನೂ ನೋಡಿ ಮುಗಿಸಿ, ಬಟ್ಟೆಯನ್ನು ಪಕ್ಕಕ್ಕಿಟ್ಟು, ನನ್ನ ಮುಖ ನೋಡಿ, "ಅಮ್ಮ ಕಯ್ಯಿ" ಎಂದ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಅವನು ಬಟ್ಟೆಯನ್ನು ದೂರಿದ್ದಲ್ಲ. ಅವನಿಗೆ ಅದು ಬಟ್ಟೆಯೇ ಆಗಿರಲಿಲ್ಲ.

ಹೊರಗಿನ ಕೋಣೆಯಲ್ಲಿ ಬರೆಯುತ್ತ ಕೂತಿದ್ದ ಅಪ್ಪಯ್ಯನಿಗೆ ಆ ಮಾತು ಕೇಳಿಸಿತು. ಎದ್ದು ಬಂದು ಅವನ ಪಕ್ಕ ಕೂತರು. ಅಮ್ಮ ಹೊಟ್ಟೆಯ ಮೇಲೆ ಇಡುತ್ತಿದ್ದ ಕೈಯನ್ನು ಮಗು ಕೇಳುತ್ತಿದೆ ಎಂದುಕೊಂಡರು; ಬಟ್ಟೆಗೆ ಮದ್ದು ಹಚ್ಚಿದ್ದು ಗೊತ್ತಿಲ್ಲದವರು ಇನ್ನೇನು ಅಂದುಕೊಂಡಾರು? ತಮ್ಮ ಮಸಿಯಾದ ಕೈಯನ್ನು ಪಂಚೆಗೆ ಒರೆಸಿಕೊಂಡು ಅವನ ಹೊಟ್ಟೆಯ ಮೇಲೆ ಇಟ್ಟರು. ಅತ್ತೆಗೂ ಆ ಮಾತಿನ ಇನ್ನೊಂದು ಅರ್ಥ ತಿಳಿಯದು, ಸೆರಗಿನಿಂದ ಕಣ್ಣೊರೆಸಿಕೊಂಡರು. ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅಪ್ಪಯ್ಯನ ಬಾಟ್ಲಿ ಮುಟ್ಟಿದ ತಪ್ಪಿಗೆ ಹೆದರಿ ತುಟಿ ಬಿಚ್ಚಲಿಲ್ಲ. ಪುಟ್ಟ ಆಮೇಲೆ ಆ ಬಟ್ಟೆಯನ್ನು ಕೇಳಲೇ ಇಲ್ಲ. ಅದು ನನ್ನ ದಿಂಬಿನಡಿಗೆ ಬಂತು. ಮೂಸಿದರೆ ಮದ್ದಿನ ಪುಡಿ ಮೂಗಿಗೆ ಹತ್ತಿತು. ಬಚ್ಚಲಲ್ಲಿ ಸೀಗೆಪುಡಿ ಹಾಕಿ ಮೂರು ಸಲ ತಿಕ್ಕಿ ತಿಕ್ಕಿ ಒಗೆದೆ. ಕಾಫಿ, ಹೊಗೆ, ಹರಳೆಣ್ಣೆ ಎಲ್ಲ ನೀರಿನ ಜೊತೆ ಹೋಯಿತು. ಉಳಿದದ್ದು ಬರೀ ಅರಿವೆ.

ಯುಗಾದಿ ಕಳೆದು, ಹೂಮಳೆ ಬಿದ್ದು, ಗಿಡಗಳೆಲ್ಲ ಬೆಳ್ಳಗೆ ಹೂ ಬಿಟ್ಟಿದ್ದಾಗ ಪುಟ್ಟನಿಗೆ ಚಳಿಜ್ವರ ಬಂತು. ಅದೇ ವಾರ ಲೈನಿನಲ್ಲಿ ಅರ್ಧ ಜನ ಮಲಗಿದ್ದರು, ದ್ಯಾವಮ್ಮನೂ. ಅಪ್ಪಯ್ಯ ಕ್ವಿನೈನನ್ನು ಜೇನುತುಪ್ಪದಲ್ಲಿ ಕಲಸಿ ಚಮಚೆಯಲ್ಲಿ ತಂದರು. ಒಂದು ತೊಟ್ಟು ನಾಲಿಗೆಗೆ ತಾಗಿದ್ದೇ ಪುಟ್ಟನಿಗೆ ಗುರುತು ಸಿಕ್ಕಿತು. ಹಲ್ಲು ಕಚ್ಚಿಕೊಂಡು, ಮುಖ ತಿರುಗಿಸಿ, "ಅಮ್ಮ ಕಯ್ಯಿ, ಅಮ್ಮ ಕಯ್ಯಿ" ಎಂದ. ಅಪ್ಪಯ್ಯನ ಚಮಚೆ ಅಲ್ಲೇ ನಿಂತಿತು. ಗಟ್ಟಿಮುಟ್ಟಾದ ಗಂಡಾಳುಗಳ ಬಾಯಿ ತೆರೆಸಿ ನುಂಗಿಸುತ್ತಿದ್ದ ಮನುಷ್ಯ, ಆ ಎರಡು ಮಾತಿಗೆ ಚಮಚೆ ಕೆಳಗಿಟ್ಟು ಅವನ ಹೊಟ್ಟೆಯ ಮೇಲೆ ಕೈಯಿಟ್ಟು ಅಳುತ್ತ ಕೂತುಬಿಟ್ಟರು. ಮತ್ತೆ ಬೆಲ್ಲದಲ್ಲಿ ಕಲಸಿ ತಂದರು, ಮತ್ತೆ ಅದೇ ಮಾತು, ಮತ್ತೆ ಚಮಚೆ ಕೆಳಗೆ. ಮೂರು ದಿನ ಹೀಗೇ ಆಯಿತು. ಅತ್ತೆ ಅವನನ್ನು ಹಿಡಿದುಕೊಂಡು ಬಲವಂತ ಮಾಡಿದಾಗ ಒಳಗೆ ಹೋದದ್ದಕ್ಕಿಂತ ಉಗುಳಿದ್ದೇ ಹೆಚ್ಚು. ನಾನು ಬಾಗಿಲ ಮೂಲೆಯಲ್ಲಿ ನಿಂತಿದ್ದೆ. ಅಪ್ಪಯ್ಯಾ, ಅವನು ಕೈ ಕೇಳ್ತಾ ಇಲ್ಲ, ಕಹಿ ಅಂತಿದಾನೆ, ಕುಡಿಸಿ ಎಂದು ಒಂದೇ ಒಂದು ಮಾತು ಹೇಳಬೇಕಿತ್ತು. ಹೇಳಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ಅಮ್ಮ ಮದ್ದು ಕುಡಿದೂ ಉಳಿಯಲಿಲ್ಲವಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಸಮಾಧಾನ ಒಂದು ದಿನಕ್ಕೂ ಬಾಳಿಕೆ ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮೂಡಿಗೆರೆಯ ಆಸ್ಪತ್ರೆಗೆ ಒಯ್ಯಲು ದೊರೆ ತಮ್ಮ ಮೋಟಾರು ಕಳಿಸಿದರು. ಅದು ಕಣದ ಹತ್ತಿರ ಬಂದು ನಿಲ್ಲುವಷ್ಟರಲ್ಲಿ ಪುಟ್ಟ ಅಪ್ಪಯ್ಯನ ತೊಡೆಯ ಮೇಲೆ ಹೋಗಿಬಿಟ್ಟಿದ್ದ. ನಮ್ಮಲ್ಲಿ ಹೂಳುವುದು. ಹಣೆಗೆ ವಿಭೂತಿ ಹಚ್ಚಿದ ಮೇಲೆ ಅಪ್ಪಯ್ಯ ನನ್ನನ್ನು ಕರೆದು, ಅಮ್ಮನ ಆ ಬಟ್ಟೆ ಎಲ್ಲಿದೆ ತಾ ಎಂದರು. ಒಳಗೆ ಹೋಗಿ ದಿಂಬಿನಡಿಯಿಂದ ತೆಗೆದೆ. ಕೊಡುವ ಮೊದಲು ಅದರ ಮೂಲೆಯನ್ನು ನನ್ನ ನಾಲಿಗೆಗೆ ಇಟ್ಟು ನೋಡಿದೆ. ಮೂರು ಸಲ ಒಗೆದಿದ್ದರೂ ಕೆಂಪು ಅಂಚಿನ ಎಳೆಗಳಲ್ಲಿ ಇನ್ನೂ ಕಹಿ ಇತ್ತು. ಹಾಗೇ ಕೊಟ್ಟೆ.

ಅಪ್ಪಯ್ಯ ಅದನ್ನು ಅವನ ಮುಷ್ಟಿಗೆ ಸುತ್ತಿದರು. ಜ್ವರದಲ್ಲಿ ನಡುಗುತ್ತಲೇ ಕಂಬಳಿ ಹೊದ್ದು ಬಂದಿದ್ದ ದ್ಯಾವಮ್ಮನಿಗೆ, ಮಗು ಕೊನೆಯವರೆಗೂ ಅಮ್ಮ ಕಯ್ಯಿ, ಅಮ್ಮ ಕಯ್ಯಿ ಎಂದು ತನ್ನ ಅಮ್ಮನ ಕೈಯನ್ನೇ ಕೇಳಿತು ಎಂದು ಹೇಳಿದರು. ದ್ಯಾವಮ್ಮ ತಲೆಯೆತ್ತಿದಳು. ಆ ಮಾತು ಕಲಿಸಿದವಳೇ ಅವಳು. ಅವಳ ಕಣ್ಣು ಬಟ್ಟೆಯ ಮೇಲೆ ನಿಂತು, ಅಲ್ಲಿಂದ ನನ್ನ ಮೇಲೆ ಬಂತು. ಈಗ ಹೇಳುತ್ತಾಳೆ ಎಂದುಕೊಂಡೆ.

"ಹೂ ಅಯ್ಯಾ, ಕಯ್ಯೇ ಕೇಳಿರದು ಮಗ. ಈಗ ಸಿಕ್ತು ಬಿಡಿ ಅದ್ಕೆ," ಎಂದಳು.

ದ್ಯಾವಮ್ಮ ಆ ವಿಷಯ ನನ್ನ ಹತ್ತಿರ ಮತ್ತೆಂದೂ ಎತ್ತಲಿಲ್ಲ. ಅತ್ತೆ ಮಾತ್ರ, ಕೊನೆಗೂ ಅವಳೇ ಕರೆದುಕೊಂಡು ಹೋದಳು ಎಂದು ಸಾಯುವವರೆಗೂ ಅಮ್ಮನನ್ನು ಬೈಯುತ್ತಿದ್ದರು. ಆ ಬೈಗುಳ ನನಗೆ ಸೇರಬೇಕಾದದ್ದು. ಅಮ್ಮ ನನ್ನ ಪಾಲಿನದನ್ನೂ ಹೊತ್ತಳು.

ಅಪ್ಪಯ್ಯ ಬಹಳ ಕಾಲ ಬದುಕಿದರು. ಕೊನೆಯ ವರ್ಷಗಳಲ್ಲಿ ಆಲ್ದೂರಿನ ನನ್ನ ಮನೆಯಲ್ಲೇ ಇದ್ದರು. ಅಷ್ಟು ಹೊತ್ತಿಗೆ ದೊರೆಗಳು ಹೋಗಿದ್ದರು, ಚಳಿಜ್ವರವೂ ಹೋಗಿತ್ತು, ಅಪ್ಪಯ್ಯನಿಗೆ ಎಸ್ಟೇಟಿನ ಹೆಸರೂ ಮರೆತುಹೋಗಿತ್ತು. ಮರೆಯದೆ ಉಳಿದದ್ದು ಒಂದೇ. ಸಂಜೆ ಹಾಸಿಗೆ ಹಾಸಿ, ಕಂಬಳಿ ಹೊದಿಸಿ, ದೀಪ ಸಣ್ಣ ಮಾಡುವಾಗ ದಿನವೂ ನನ್ನ ಸೆರಗು ಹಿಡಿದು ಕೇಳುತ್ತಿದ್ದರು. ನಾನು ಉತ್ತರ ಕೊಡುವವರೆಗೆ ಬಿಡುತ್ತಿರಲಿಲ್ಲ, ಕಣ್ಣೂ ಮುಚ್ಚುತ್ತಿರಲಿಲ್ಲ. ಹೇಳಿಬಿಡೋಣ, ಈ ಭಾರ ಇಳಿಸಿಬಿಡೋಣ ಎಂದು ಎಷ್ಟು ಸಂಜೆ ಬಾಯಿ ತೆರೆದಿದ್ದೇನೋ. ಆದರೆ ಒಮ್ಮೆ ಒಬ್ಬರ ಬಾಯಿಂದ ಅಮ್ಮನನ್ನು ಕಸಿದವಳು ನಾನು, ಇನ್ನೊಮ್ಮೆ ಆಗಲಿಲ್ಲ.

"ಗಿರಿಜಾ, ಪುಟ್ಟ ಅಮ್ಮನ ಕೈ ಅಂದ, ಅಲ್ವೇನಮ್ಮ?"

"ಹೌದು ಅಪ್ಪಯ್ಯ, ಕೈ ಅಂದ."

ಸೆರಗು ಬಿಟ್ಟು, ಗೋಡೆಯ ಕಡೆ ತಿರುಗಿ, ನಿದ್ದೆ ಹೋಗುತ್ತಿದ್ದರು.