ನೆಗಡಿ ಇಲ್ಲ ಅನ್ನು

ಹುಲಿಗೆಮ್ಮ, ನಿನ್ನ ಮಗಳಿಗೆ ನೆಗಡಿ ಇದ್ದದ್ದು ನನಗೆ ಗೊತ್ತಿತ್ತು. ಆಪರೇಷನ್ನಿನ ಬೆಳಿಗ್ಗೆ ಅರಿವಳಿಕೆ ಡಾಕ್ಟರು ಬಂದು ಕೇಳಿದರೆ ಇಲ್ಲ ಅನ್ನು ಎಂದು ನಿನಗೆ ಹೇಳಿಕೊಟ್ಟವಳು ನಾನು. ಆಮೇಲೆ ಎಲ್ಲರೆದುರು ಆ ಸುಳ್ಳನ್ನು ನಿನ್ನೊಬ್ಬಳ ತಲೆಗೆ ಕಟ್ಟಿ ಸುಮ್ಮನೆ ನಿಂತವಳೂ ನಾನೇ. ಇದು ನಿನಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿಲ್ಲದಿರುವುದು ನಿನ್ನ ಗಂಡನಿಗೆ, ಆ ಡಾಕ್ಟರಿಗೆ, ನನ್ನ ಜೊತೆ ಕೆಲಸ ಮಾಡಿದವರಿಗೆ. ಇಷ್ಟು ವರ್ಷ ಅವರ ನಡುವೆ ಒಳ್ಳೆಯ ನರ್ಸ್ ಎನಿಸಿಕೊಂಡು ಓಡಾಡಿದ್ದೇನೆ.

ಪೀಣ್ಯದಾಚೆಯ ಆ ಆಸ್ಪತ್ರೆಯಲ್ಲಿ, ಹುಟ್ಟುವಾಗಲೇ ಹೃದಯದ ದೋಷ ಹೊತ್ತು ಬಂದ ಮಕ್ಕಳ ವಾರ್ಡು ನನ್ನದು. ನನ್ನದು ಎಂದೇ ಹೇಳುತ್ತಿದ್ದೆ, ನಮ್ಮಪ್ಪ ಕಟ್ಟಿಸಿಕೊಟ್ಟ ಹಾಗೆ. ಬಾಯಿ ಜೋರು, ಕೈ ಚುರುಕು. ಯಾವ ಕೂಸಿನ ನರ ಎಲ್ಲಿ ಸಿಗುತ್ತದೆ ಎಂದು ಹೊಸ ಡಾಕ್ಟರುಗಳು ನನ್ನನ್ನು ಕೇಳುತ್ತಿದ್ದರು. ಅದು ತಲೆಗೆ ಏರಿತ್ತು. ಅಂಥ ಹೊತ್ತಿನಲ್ಲಿ ನೀನು ನಿನ್ನ ರೇಣುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದೆ. ಒಂದೂವರೆ ವರ್ಷದ ಹುಡುಗಿ, ನೋಡಿದರೆ ಆರು ತಿಂಗಳದ್ದು ಅನ್ನಬೇಕು. ನೀನು ಬಾಯಿ ತೆರೆದ ಕೂಡಲೇ ನಮ್ಮ ಕಡೆಯವಳು ಎಂದು ಗೊತ್ತಾಯಿತು. ನಿಂದು ಸಿಂಧನೂರಿನ ಕಡೆ, ನಂದು ಬಾಗಲಕೋಟೆ. ಬೆಂಗಳೂರಿಗೆ ಬಂದ ಮೇಲೆ ಅಷ್ಟು ದೂರವೂ ನೆರೆಮನೆಯೇ ಆಗಿಬಿಡುತ್ತದೆ. ನೀನು ನನ್ನನ್ನು ಸಿಸ್ಟರ್ ಎನ್ನಲಿಲ್ಲ, ಅಕ್ಕಾ ಎಂದೆ.

ರೇಣುವಿನ ಹೃದಯದಲ್ಲಿ ದೊಡ್ಡ ರಂಧ್ರವಿತ್ತು. ಅದರಿಂದ ರಕ್ತವೆಲ್ಲ ಶ್ವಾಸಕೋಶದ ಕಡೆಗೇ ನುಗ್ಗುತ್ತಿತ್ತು. ಅಂಥ ಮಕ್ಕಳಿಗೆ ನೆಗಡಿ ಕೆಮ್ಮು ಬಿಟ್ಟೂಬಿಡದೆ ಬರುತ್ತದೆ. ಆದರೆ ನೆಗಡಿಯಿದ್ದಾಗ ಅರಿವಳಿಕೆ ಕೊಟ್ಟರೆ ಉಸಿರಿನ ಕೊಳವೆ ಬಿಗಿಯುತ್ತದೆ, ಆಪರೇಷನ್ ಆದ ಮೇಲೆ ಶ್ವಾಸಕೋಶ ತಡೆಯುವುದಿಲ್ಲ. ಹಾಗಾಗಿ ಮೂಗು ಸೋರಿದರೆ ಕೆಲವು ವಾರ ಬಿಟ್ಟು ಬನ್ನಿ ಎಂದು ಮನೆಗೆ ಕಳಿಸುವುದು ನಿಯಮ. ನಿನ್ನನ್ನು ಎರಡು ಸಲ ಹಾಗೆ ಕಳಿಸಿದ್ದರು. ಇನ್ನೂ ತಡವಾದರೆ ಶ್ವಾಸಕೋಶದ ಒತ್ತಡ ಏರಿ, ಆಪರೇಷನ್ ಮಾಡುವ ಕಾಲವೇ ಮುಗಿದುಹೋಗುತ್ತದೆ ಎಂದೂ ಹೇಳಿದ್ದರು. ಎರಡನ್ನೂ ಹೇಳಿದವರು ಅದೇ ಡಾಕ್ಟರುಗಳು. ನೀನು ಏನು ಮಾಡಬೇಕಿತ್ತು ಹೇಳು?

ಮೂರನೆಯ ಸಲ ಬಂದಾಗ ಎಲ್ಲ ಸರಿಯಿತ್ತು. ಆಪರೇಷನ್ನಿನ ಹಿಂದಿನ ದಿನ ರೇಣು ನನ್ನ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿ ಹಿಡಿದು ಜಗ್ಗುತ್ತ ನಗುತ್ತಿದ್ದಳು. ಬೆಳಿಗ್ಗೆ ನಾನು ಡ್ಯೂಟಿಗೆ ಬಂದಾಗ ನೀನು ಮಂಚದ ತುದಿಯಲ್ಲಿ ಕೂತು, ಯಾರಿಗೂ ಕಾಣದ ಹಾಗೆ ಸೆರಗಿನಿಂದ ಅವಳ ಮೂಗು ಒರೆಸುತ್ತಿದ್ದೆ.

"ಅಕ್ಕಾ, ನಸುಕಿನ್ಯಾಗಿಂದ ಸೋರಾಕತ್ತೈತ್ರಿ. ಈ ಸಲಾನೂ ವಾಪಸ್ ಕಳಸ್ತಾರೇನ್ರಿ? ಮನ್ಯಾಗ ಇವ್ರು ಹೇಳ್ಯಾರ, ಇನ್ನೊಮ್ಮೆ ರಜಾ ಹಾಕಂಗಿಲ್ಲ ಅಂತ."

ಆ ಕ್ಷಣದಲ್ಲಿ ನಾನು ಮಾಡಬೇಕಾದದ್ದು ಬಹಳ ಸಣ್ಣ ಕೆಲಸ. ಫೋನ್ ಎತ್ತಿ ಡಾಕ್ಟರಿಗೆ ಹೇಳುವುದು. ಅಷ್ಟೇ. ಆದರೆ ನನಗೆ ಅವರ ಮೇಲೆ ಸಿಟ್ಟಿತ್ತು. ಕೂಸು ಒಂದು ಸಲ ಸೀನಿದರೆ ಸಾಕು, ಕ್ಯಾನ್ಸಲ್ ಅನ್ನುತ್ತಾರೆ, ಬಡವರ ಕಷ್ಟ ಇವರಿಗೇನು ಗೊತ್ತು ಎಂದು ಊಟದ ಹೊತ್ತಿನಲ್ಲಿ ನಾನೇ ಭಾಷಣ ಬಿಗಿಯುತ್ತಿದ್ದೆ. ಇಂಥ ಮಕ್ಕಳ ಮೂಗು ಯಾವಾಗ ಒಣಗಿರುತ್ತದೆ? ಜ್ವರವಿಲ್ಲ, ಎದೆಯಲ್ಲಿ ಗೊರಗೊರ ಇಲ್ಲ. ನನಗೆ ಗೊತ್ತಿಲ್ಲದ್ದೇನಿದೆ — ಹೌದು, ಹಾಗೆಯೇ ಅಂದುಕೊಂಡೆ. ಉಪ್ಪುನೀರಿನ ಹನಿ ತಂದು ಅವಳ ಮೂಗಿಗೆ ಬಿಟ್ಟೆ. ಒಳಗಿನದೆಲ್ಲ ಎಳೆದು ತೆಗೆದೆ. ಹತ್ತಿಯಿಂದ ಒರೆಸಿದೆ. ರೇಣು ಕಿರುಚಿ ಅತ್ತಳು, ಆಮೇಲೆ ನಿನ್ನ ಭುಜದ ಮೇಲೆ ಸುಮ್ಮನಾದಳು.

"ಕೇಳಿದ್ರ ನೆಗಡಿ ಇಲ್ಲ ಅನ್ನು," ಅಂದೆ. "ಉಳಿದದ್ದು ನಾ ನೋಡ್ಕೋತೀನಿ."

ನೀನು ನನ್ನ ಕೈ ಹಿಡಿದುಕೊಂಡೆ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು ನನಗೆ. ಡಾಕ್ಟರು ಬಂದರು, ಕೇಳಿದರು, ನೀನು ಇಲ್ರಿ ಅಂದೆ. ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಶುಚಿಯಾದ ಮೂಗು ನೋಡಿದರು. ಸರಿ ಅಂದರು.

ರಂಧ್ರ ಚೆನ್ನಾಗಿ ಮುಚ್ಚಿತು. ಅದರಲ್ಲೇನೂ ದೋಷವಿರಲಿಲ್ಲ. ತೊಂದರೆ ಶುರುವಾದದ್ದು ಐಸಿಯುವಿನಲ್ಲಿ. ಬಾಯೊಳಗೆ ಇಳಿಸಿದ್ದ ವೆಂಟಿಲೇಟರಿನ ಕೊಳವೆ ತೆಗೆದು ಅವಳಾಗಿಯೇ ಉಸಿರಾಡಲು ಬಿಡಬೇಕೆಂದಾಗಲೆಲ್ಲ ಆಕ್ಸಿಜನ್ ಇಳಿಯುತ್ತಿತ್ತು. ಎದೆಯಲ್ಲಿ ಕಫ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಅದನ್ನು ಯಂತ್ರದಿಂದ ಹೀರಿ ಎಳೆಯದಿದ್ದರೆ ಉಸಿರು ಕಟ್ಟುತ್ತದೆ. ಎಳೆದರೆ ಶ್ವಾಸಕೋಶದ ಒತ್ತಡ ಒಮ್ಮೆಲೇ ಏರಿ, ಮೈಯೆಲ್ಲ ನೀಲಿಗಟ್ಟಿ, ಹೃದಯ ನಿಧಾನವಾಗುತ್ತದೆ. ಐಸಿಯುವಿನ ಸಿಸ್ಟರುಗಳು ಅವಳನ್ನು ಮುಟ್ಟಲು ಹೆದರುತ್ತಿದ್ದರು. ನಿದ್ದೆಯ ಔಷಧಿ ಹೆಚ್ಚಿಸಿ, ಅಲುಗಾಡದ ಹಾಗೆ ಮಲಗಿಸಿದ್ದರು. ನಾನು ದಿನಾ ಒಳಗೆ ಹೋಗಿ ನೋಡಿ, ಹೊರಗೆ ಕೂತಿದ್ದ ನಿನಗೆ ಸುದ್ದಿ ತರುತ್ತಿದ್ದೆ. ಇವತ್ತು ಸ್ವಲ್ಪ ಪರವಾಗಿಲ್ಲ ಎನ್ನುತ್ತಿದ್ದೆ. ಅದೂ ಸುಳ್ಳು.

ಒಂದು ಮಧ್ಯಾಹ್ನ ಅರಿವಳಿಕೆ ಡಾಕ್ಟರು ಹೊರಗೆ ಬಂದರು. ನಿನ್ನ ಗಂಡ ಹನುಮಂತ ಕಾರ್ಖಾನೆಯಿಂದ ನೇರ ಬಂದಿದ್ದ, ಅಂಗಿಯ ತೋಳಿಗೆ ಅಲ್ಲಿ ಕಬ್ಬಿಣಕ್ಕೆ ಬಳಿಯುವ ಪುಡಿಬಣ್ಣ ಹತ್ತಿತ್ತು. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ.

"ಬಯ್ಯೋಕೆ ಕೇಳ್ತಿಲ್ಲಮ್ಮ," ಅಂದರು ಡಾಕ್ಟರು. "ಯಾವ ಸೋಂಕು ಅಂತ ನಮ್ಗೆ ತಿಳೀಬೇಕು. ಆಪರೇಷನ್ ದಿನ ಮಗೂಗೆ ನೆಗಡಿ ಇತ್ತಾ?"

ನೀನು ನನ್ನ ಕಡೆ ನೋಡಿದೆ. ಆಮೇಲೆ ಅವರ ಕಡೆ ತಿರುಗಿ, "ಇತ್ರಿ," ಅಂದೆ.

"ಮತ್ಯಾಕಮ್ಮ ಹೇಳ್ಲಿಲ್ಲ?"

ಡಾಕ್ಟರು ನನ್ನತ್ತ ತಿರುಗಿದರು. "ಸಿಸ್ಟರ್, ನೀವು ಬೆಳಿಗ್ಗೆ ಕೇಳಿರ್ಲಿಲ್ವಾ?"

"ಕೇಳಿದ್ದೆ ಸರ್. ಇಲ್ಲ ಅಂದ್ರು."

ಎಷ್ಟು ಸಲೀಸಾಗಿ ಬಂತು ಅದು! ತಡವರಿಸಲಿಲ್ಲ, ದನಿ ನಡುಗಲಿಲ್ಲ. ಕೆಲಸ ಹೋಗುತ್ತದೆ ಎಂಬ ಭಯವಿತ್ತೇ? ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ — ನನ್ನನ್ನು ಕೇಳಿ ಕೆಲಸ ಕಲಿತ ಆ ಹೊಸ ಡಾಕ್ಟರುಗಳ ಕಣ್ಣಲ್ಲಿ ಸಣ್ಣವಳಾಗಲು ನನಗೆ ಆಗಲಿಲ್ಲ. ಒಂದು ಕೂಸಿನ ಜೀವ ಒಳಗೆ ಅಲ್ಲಾಡುತ್ತಿದ್ದಾಗ ನಾನು ಕಾಪಾಡಿಕೊಂಡದ್ದು ನನ್ನ ಹೆಸರನ್ನು.

ಹನುಮಂತ ನಿನ್ನನ್ನೇ ನೋಡುತ್ತ, "ಸುಳ್ಳ ಹೇಳಿದೇನ?" ಎಂದು ಕೇಳಿದ. ಮೆಲ್ಲಗೆ ಕೇಳಿದ. ನೀನು ತಲೆ ತಗ್ಗಿಸಿದೆ. ಒಂದೇ ಮಾತು ಸಾಕಿತ್ತು — ಈ ಅಕ್ಕಾನೇ ಹೇಳಿದ್ಲು ಎಂದಿದ್ದರೆ — ನೀನು ಅನ್ನಲಿಲ್ಲ.

ಎರಡು ದಿನದ ಮೇಲೆ ರೇಣು ಹೋದಳು. ಕಫ ಎಳೆಯುವಾಗ ಏರಿದ ಒತ್ತಡ ಇಳಿಯಲೇ ಇಲ್ಲ. ಆಪರೇಷನ್ ಮುಂದೂಡಿದ್ದರೂ ಅವಳು ಉಳಿಯುತ್ತಿದ್ದಳೆಂದು ಹೇಳಲಾಗದು ಎಂದು ಆಮೇಲೆ ಡಾಕ್ಟರುಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಇರಬಹುದು. ಆ ಮಾತನ್ನು ಹಿಡಿದುಕೊಂಡು ಸಮಾಧಾನಪಡಲು ಅವರಿಗೆ ಹಕ್ಕಿದೆ, ನನಗಿಲ್ಲ.

ಕೆಲವು ತಿಂಗಳ ನಂತರ ಹನುಮಂತ ಮರಣ ಪ್ರಮಾಣಪತ್ರಕ್ಕಾಗಿ ಒಬ್ಬನೇ ಬಂದ. ನೀನು ಹೇಗಿದ್ದೀಯ ಎಂದು ಕೇಳಿದೆ.

"ತವರಿಗೆ ಬಿಟ್ಟ ಬಂದೀನ್ರಿ ಸಿಸ್ಟರ. ಕೂಸಿನ ಕೊಂದಾಕಿ ಜೋಡಿ ಹ್ಯಾಂಗ ಬಾಳ್ವೆ ಮಾಡ್ಲಿ?"

ಆಗಲೂ ಹೇಳಬಹುದಿತ್ತು. ನನ್ನ ಮುಂದೆಯೇ ಇದ್ದ, ಬೇರೆ ಯಾರೂ ಇರಲಿಲ್ಲ. ನಾಲಿಗೆ ತುದಿಯವರೆಗೆ ಬಂತು ಎಂದು ಬರೆಯಲು ಆಸೆ. ಬರಲಿಲ್ಲ, ಹುಲಿಗೆಮ್ಮ. ನಾನು "ಅಯ್ಯೋ" ಎಂದೆ. ಅವನು ಹೊರಡುವಾಗ ನನಗೆ ಕೈಮುಗಿದ. "ನೀವು ಭಾಳ ಛಲೋ ನೋಡ್ಕೊಂಡ್ರಿ," ಎಂದು ಹೇಳಿ ಹೋದ.

ಆ ನಮಸ್ಕಾರ ಅಂದಿನಿಂದ ನನ್ನನ್ನು ತಿನ್ನುತ್ತಿದೆ. ಆದರೂ ವರ್ಷಗಟ್ಟಲೆ ಏನೂ ಮಾಡಲಿಲ್ಲ. ಈ ವರ್ಷ ಆಸ್ಪತ್ರೆ ಬಿಟ್ಟ ಮೇಲೆ — ಕಳೆದುಕೊಳ್ಳಲು ಏನೂ ಉಳಿಯದ ಮೇಲೆ, ನನ್ನ ಧೈರ್ಯ ನೋಡು — ನೀವು ಬಾಡಿಗೆಗಿದ್ದ ಲಗ್ಗೆರೆಯ ಮನೆ ಹುಡುಕಿಕೊಂಡು ಹೋದೆ. ಮನೆಯ ಓನರ್ ಹೆಂಗಸು ಗೇಟಿನಲ್ಲೇ ಹೇಳಿದಳು: "ಅವ್ರಾ? ಖಾಲಿ ಮಾಡಿ ಎಷ್ಟೋ ಕಾಲ ಆಯ್ತಲ್ಲಮ್ಮ. ಅವ್ನು ಇನ್ನೊಂದು ಮದ್ವೆ ಆದ, ಮಕ್ಳೂ ಆದ್ವು. ಮೊದ್ಲನೇ ಹೆಂಡ್ತಿ ವಿಷ್ಯ ಯಾರ್ಗೊತ್ತು?" ಹನುಮಂತ ಈಗೆಲ್ಲಿದ್ದಾನೆ ಎಂದು ಕೇಳಿದೆ. ಅದೂ ಅವಳಿಗೆ ತಿಳಿಯದು.

ಅವನು ಸಿಕ್ಕಿದ್ದರೂ ಏನಾಗುತ್ತಿತ್ತು? ನನ್ನ ಸತ್ಯ ನಿನ್ನ ಸಂಸಾರವನ್ನು ತಿರುಗಿ ಕಟ್ಟಿಕೊಡುವ ಕಾಲ ದಾಟಿಹೋಗಿದೆ. ಸಿಂಧನೂರಿನ ಕಡೆ ಎಂಬುದು ಬಿಟ್ಟರೆ ನಿನ್ನ ತವರೂರಿನ ಹೆಸರನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಿನಗೆ ಓದಲು ಬರುವುದಿಲ್ಲ. ಇದನ್ನು ಬರೆಯುತ್ತಿರುವಾಗಲೂ ನಿನಗೆ ತಲುಪುವುದಿಲ್ಲವೆಂದು ನನಗೆ ಗೊತ್ತಿದೆ. ಅಂಥ ಸುರಕ್ಷಿತ ಜಾಗದಲ್ಲಿ ಕೂತೇ ಇದನ್ನು ಒಪ್ಪಿಕೊಳ್ಳುತ್ತಿದ್ದೇನೆ.

ನೀನು ಅಂದು ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಬಹಳ ಕಾಲ ಯೋಚಿಸಿದೆ. ನಿನ್ನದು ದೊಡ್ಡ ಮನಸ್ಸು ಎಂದುಕೊಂಡು ಹಗುರಾಗಲು ನೋಡಿದೆ. ಹಾಗಿರಲಿಲ್ಲ. ಕೂಸು ಐಸಿಯುವಿನ ಬಾಗಿಲಿನ ಒಳಗಿತ್ತು. ಒಳಗೆ ಹೋಗಿ ಅವಳನ್ನು ನೋಡಿ ಬಂದು ನಿನಗೆ ಹೇಳುವವಳು ನಾನೊಬ್ಬಳೇ. ನನ್ನನ್ನು ಎದುರು ಹಾಕಿಕೊಂಡರೆ ರೇಣುವಿಗೆ ಏನಾದೀತೋ ಎಂದು ನೀನು ಹೆದರಿದ್ದೆ. ನಿನ್ನ ಆ ಹೆದರಿಕೆ ನನಗೆ ಅಲ್ಲೇ, ಆಗಲೇ ಕಂಡಿತ್ತು. ಕಂಡಿತ್ತೆಂದೇ ನಾನು ಅಷ್ಟು ಧೈರ್ಯವಾಗಿ ಸುಳ್ಳು ಹೇಳಿದೆ.