ಅಳತೆಗೆ ಹೋದ ಬಾಗಿಲು

ನಮ್ಮ ಬೀದಿಯ ಬಡಗಿಗೆ ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗಿರಬೇಕು. ಎಲ್ಲರಿಗೂ ಅವನು ‘ಆಯ್ತು ಬಿಡಿ’. ಯಾರು ಏನು ಕೇಳಿದರೂ, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಅವನ ಬಾಯಿಂದ ಆ ಮಾತು ಉದುರುತ್ತದೆ. ಆಗುವುದಿಲ್ಲ ಎನ್ನುವುದು ಅವನ ಜಾಯಮಾನದಲ್ಲೇ ಇಲ್ಲ. ಮಾಡಿಕೊಡುವುದೂ ಇಲ್ಲ, ಅದು ಬೇರೆ ವಿಷಯ.

ಮಾತು ಕೊಟ್ಟ ತಕ್ಷಣ ಮಾತ್ರ ಅವನು ಬಲು ಚುರುಕು. ಹಳೆಯ ಬಾಗಿಲಿನ ತಿರುಪು ಬಿಚ್ಚಿ, “ಅಳತೆಗೆ ಬೇಕು” ಎಂದು ತಲೆಯ ಮೇಲೆ ಹೊತ್ತುಕೊಂಡು ಹೊರಟೇಬಿಡುತ್ತಾನೆ. ಬಾಗಿಲು ಅವನ ಶೆಡ್ಡು ಸೇರಿತೆಂದರೆ ಗಿರಾಕಿ ಬೇರೆ ಬಡಗಿಯ ಹತ್ತಿರ ಹೋಗುವಂತಿಲ್ಲ. ನಮ್ಮ ಬಚ್ಚಲ ಬಾಗಿಲು ಹೋದದ್ದೂ ಹೀಗೆಯೇ. ಅಂದಿನಿಂದ ನಮ್ಮಲ್ಲಿ ಸ್ನಾನಕ್ಕೆ ಹೋದವರು ಹಾಡಲೇಬೇಕು. ಹಾಡು ನಿಂತರೆ ಹೊರಗಿದ್ದವರು ಒಳಗೆ ನುಗ್ಗುತ್ತಾರೆ. ನನ್ನ ಕಂಠ ಎಂಥದೆಂದು ಈಗ ಇಡೀ ಬೀದಿಗೆ ಗೊತ್ತು.

ಬಡಗಿಯ ಮಗಳು ಹಸುಗೂಸಿನೊಂದಿಗೆ ತವರಿಗೆ ಬರುವವಳಿದ್ದಳು. ಕೇಳಿದ್ದು ಒಂದೇ, ಕೋಣೆಗೊಂದು ಬಾಗಿಲು. ಅವಳು ಹುಟ್ಟಿದಾಗಿನಿಂದ ಅಲ್ಲಿ ಇದ್ದದ್ದು ಬರೀ ಪರದೆ.

“ಅಪ್ಪ, ಆಗಲ್ಲ ಅಂದ್ರೆ ಈಗ್ಲೇ ಹೇಳಿ. ಅತ್ತೆ ಮನೇಲೇ ಇರ್ತೀನಿ.”

“ಆಯ್ತು ಬಿಡಮ್ಮ, ಬಾ” ಎಂದನಂತೆ.

ಅವಳು ಬಂದಾಗ ಬಾಗಿಲು ಇತ್ತು! ಮಗುವನ್ನು ನೋಡಲು ನನ್ನ ಜೊತೆ ಬಂದ ಹೆಂಡತಿ, ಮಗುವನ್ನು ಬಿಟ್ಟು ಬಾಗಿಲನ್ನೇ ನೋಡುತ್ತ ನಿಂತಳು. ಕೆಳಗೆ ನೀರು ಕುಡಿದು ಉಬ್ಬಿದ ಹಲಗೆ. ಮೇಲೆ ಟವೆಲ್ಲಿಗೆಂದು ನಾನೇ ಸೊಟ್ಟಗೆ ಹೊಡೆದ ಮೊಳೆ.

“ರೀ, ಇದು ನಮ್ದಲ್ವಾ?”

ನನಗೆ ಮೈಯೆಲ್ಲ ಉರಿಯಿತು. ಆದರೆ ಬಾಣಂತಿಯ ಎದುರು ಜಗಳವೇ? “ಸುಮ್ನಿರೇ” ಎಂದೆ. ಅಷ್ಟರಲ್ಲಿ ಮಗಳಿಗೆ ಕೇಳಿಸಿತ್ತು. ಅಪ್ಪನ ಮುಖ ನೋಡಿದಳು. ಅವನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡ.

“ಮಾಮ, ನಿಮ್ಮ ಬಾಗಿಲು ತಗೊಂಡ್ ಹೋಗಿ” ಎಂದವಳೇ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು.

“ಈ ವಾರದಲ್ಲೇ ಹೊಸದು ಮಾಡ್ತೀನಮ್ಮ! ಮೊಮ್ಮಗನ ಆಣೆ…”

ಅವಳು ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. “ಅವನ ಮೇಲೆ ಆಣೆ ಹಾಕ್ಬೇಡಿ. ಆಯ್ತು ಬಿಡಿ, ಅಪ್ಪ.”

ಅವಳು ಹೊರಟುಹೋದಳು. ಅವನು ತಡೆಯಲಿಲ್ಲ.

ಅಂದು ಸಂಜೆ ಬಡಗಿ ತಾನಾಗಿಯೇ ಬಾಗಿಲು ಹೊತ್ತು ತಂದು ನಮ್ಮ ಬಚ್ಚಲಿಗೆ ಕೂರಿಸಿದ. ನನಗೆ ತಿಳಿದಂತೆ ಅವನು ಮಾತು ಕೊಡದೆ ಮಾಡಿದ ಕೆಲಸ ಇದೊಂದೇ. ಹೊಗಳೋಣವೆಂದು ಬಾಗಿಲು ಎಳೆದರೆ, ಪಕ್ಕದಲ್ಲಿ ಒಂದು ಗೇಣು ಸಂದು! ಮಗಳ ಕೋಣೆಯ ಅಳತೆಗೆ ಅದನ್ನು ಕೊಯ್ದುಬಿಟ್ಟಿದ್ದ.

ನಾನು ಮತ್ತೆ ಹಾಡುತ್ತಿದ್ದೇನೆ. ಆ ಬಾಗಿಲು ಸರಿಯಾಗಿ ಕೂರುವುದು ಅವನ ಮನೆಯಲ್ಲಿ ಮಾತ್ರ. ಅಲ್ಲಿ ಅದನ್ನು ಹಾಕಿಕೊಳ್ಳುವವರು ಈಗ ಯಾರೂ ಇಲ್ಲ.